ಆಳು, ಒಡೆಯ, ಸದಸ್ಯ: ಕೊಪ್ಪ ಸೀಮೆಯ ದಿನಬಳಕೆಯ ಅಭಿಪ್ರಾಯಗಳ ಒಂದು ಐತಿಹಾಸಿಕ ವಿವೇಚನೆ

ಬಾಳಗಡಿಯಲ್ಲಿ ಬಸ್ಸು ಹತ್ತಿ ಶೃಂಗೇರಿಯ ಕಡೆಗಾಗಲಿ ನರಸಿಂಹರಾಜಪುರದ ಕಡೆಗಾಗಲಿ ಪ್ರಯಾಣಮಾಡುವವರು ಮೂರು ಮಾತುಗಳನ್ನು ಕೇಳದೆ ಇಳಿಯುವುದು ಅಪೂರ್ವ. "ಈಗ ಆಳು ಸಿಗುವುದಿಲ್ಲ, ಸಿಕ್ಕರೂ ಹಿಂದಿನವರಂತೆ ದುಡಿಯುವುದಿಲ್ಲ" ಎಂಬುದು ಮೊದಲನೆಯದು. "ಯಾರು ಗೆದ್ದರೂ ಅಷ್ಟೆ" ಎಂಬುದು ಎರಡನೆಯದು. "ಹಿಂದೆ ಒಡೆಯನೂ ಒಕ್ಕಲೂ ಒಂದೇ ಮನೆಯವರಂತಿದ್ದರು" ಎಂಬುದು ಮೂರನೆಯದು. ಕೆಲಸ, ರಾಜಕೀಯ, ಸಮಾಜ ಈ ಮೂರನ್ನೂ ಕುರಿತು ನಮ್ಮ ಸೀಮೆಯ ಜನಸಾಮಾನ್ಯರ ತೀರ್ಪು ಇಷ್ಟರಲ್ಲಿ ಅಡಕವಾಗಿದೆಯೆಂದರೆ ತಪ್ಪಾಗಲಾರದು.

ಇತಿಹಾಸದ ವಿದ್ಯಾರ್ಥಿಗಳಾದ ನಾವು ಶಾಸನ, ಕಡತ, ಕೈಫಿಯತ್ತುಗಳಿಗೆ ಕೊಡುವ ಬೆಲೆಯನ್ನು ಇಂತಹ ಮಾತುಗಳಿಗೆ ಕೊಡುವುದಿಲ್ಲ. ಇವು ಹರಟೆಯೆಂದು ಬಿಟ್ಟುಬಿಡುತ್ತೇವೆ, ಇಲ್ಲವೆ ಇವೇ ಸತ್ಯವೆಂದು ನಂಬಿ ನಾವೂ ಅವನ್ನೇ ಆಡುತ್ತೇವೆ. ಇವೆರಡೂ ಸರಿಯಾದ ಮಾರ್ಗಗಳಲ್ಲ. ಅಭಿಪ್ರಾಯವೂ ಒಂದು ದಾಖಲೆ. ಅದು ಯಾವ ಕಾಲದಲ್ಲಿ, ಯಾರ ಬಾಯಲ್ಲಿ, ಯಾವ ಏರ್ಪಾಟಿನ ನಡುವೆ ಹುಟ್ಟಿತೆಂಬುದನ್ನು ಪರಿಶೀಲಿಸಬೇಕು. ಒಂದು ಜನದ "ಸ್ವಭಾವ" ಎಂದು ನಾವು ಕರೆಯುವುದು ಬಹುಮಟ್ಟಿಗೆ ಆ ಜನ ದುಡಿದ ಏರ್ಪಾಟಿನ ಛಾಯೆ ಎಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

1. ಜಪಾನಿನ ನಿದರ್ಶನ

ಇದಕ್ಕೆ ಹೋಲಿಕೆಯಾಗಿ ಜಪಾನನ್ನು ತೆಗೆದುಕೊಳ್ಳಲು ಎರಡು ಕಾರಣಗಳಿವೆ. ದುಡಿಮೆಯ ಮಾತು ಬಂದಾಗ ಆ ದೇಶದ ಹೆಸರೆತ್ತುವುದು ನಮ್ಮಲ್ಲಿ ಹಳೆಯ ರೂಢಿ. 1898ರಲ್ಲಿ ಜಪಾನನ್ನು ಕಂಡುಬಂದ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗಲೂ ಅನಂತರವೂ ಆ ಜನರ ಶಿಸ್ತನ್ನು ನಮ್ಮವರ ಮುಂದಿಡುತ್ತಲೇ ಇದ್ದರು. ಎರಡನೆಯ ಕಾರಣವೆಂದರೆ, ಜನಸಾಮಾನ್ಯರ ಅಭಿಪ್ರಾಯವನ್ನು ಅಲ್ಲಿ ಗಾಳಿಗೆ ಬಿಟ್ಟಿಲ್ಲ. ಅಲ್ಲಿಯ ಸಂಖ್ಯಾಶಾಸ್ತ್ರ ಸಂಶೋಧನ ಸಂಸ್ಥೆಯು 1953ರಲ್ಲಿ ಆರಂಭಿಸಿದ ರಾಷ್ಟ್ರೀಯ ಸ್ವಭಾವದ ಸಮೀಕ್ಷೆಯನ್ನು ಐದು ವರ್ಷಗಳಿಗೊಮ್ಮೆ ನಡೆಸುತ್ತ ಬಂದಿದೆ. ಹಲವು ಪ್ರಶ್ನೆಗಳನ್ನು ಪ್ರತಿಸಲವೂ ಅದೇ ಮಾತುಗಳಲ್ಲಿ ಕೇಳುವುದರಿಂದ ಅಭಿಪ್ರಾಯವು ಎಲ್ಲಿ ಬದಲಾಯಿತು, ಎಲ್ಲಿ ಬದಲಾಗಲಿಲ್ಲವೆಂಬುದು ಸ್ಪಷ್ಟವಾಗಿ ಕಾಣುತ್ತದೆ.

ಆ ಪ್ರಶ್ನೆಗಳಲ್ಲೊಂದು ಹೀಗಿದೆ. ಮೇಲಧಿಕಾರಿಗಳಿಬ್ಬರು. ಒಬ್ಬನು ನಿಯಮ ಮೀರಿ ಕೆಲಸ ಮಾಡಿಸುವುದಿಲ್ಲ, ಆದರೆ ಕೆಲಸದ ಹೊರಗೆ ನಿಮ್ಮ ಸುಖದುಃಖವನ್ನು ವಿಚಾರಿಸುವುದೂ ಇಲ್ಲ. ಇನ್ನೊಬ್ಬನು ಕೆಲವೊಮ್ಮೆ ನಿಯಮ ಮೀರಿ ದುಡಿಸುತ್ತಾನೆ, ಆದರೆ ನಿಮ್ಮ ಮನೆಯ ಕಷ್ಟಕ್ಕೆ ಆಗುತ್ತಾನೆ. ನೀವು ಯಾರನ್ನು ಬಯಸುವಿರಿ? ಅಲ್ಲಿ ನೂರಕ್ಕೆ ಎಂಬತ್ತರ ಆಸುಪಾಸಿನ ಜನ ದಶಕಗಳ ಕಾಲ ಎರಡನೆಯವನನ್ನೇ ಆರಿಸುತ್ತ ಬಂದರು. ಮಲೆನಾಡಿನ ಹಿರಿಯರು ಹೇಳುವ "ಒಂದೇ ಮನೆಯವರಂತೆ" ಎಂಬ ಮಾತಿಗೂ ಈ ಉತ್ತರಕ್ಕೂ ಇರುವ ಸಾದೃಶ್ಯವನ್ನು ವಾಚಕರು ಗಮನಿಸಬೇಕು.

ಹಾಗಾದರೆ ಇದು ಏಷ್ಯದ ಜನರ ಸಹಜಗುಣವೆ? ಜಪಾನಿನ ಇತಿಹಾಸವೇ ಇದಕ್ಕೆ ಅಡ್ಡಿಹೇಳುತ್ತದೆ. 1857ರಿಂದ 1859ರ ವರೆಗೆ ನಾಗಸಾಕಿಯಲ್ಲಿ ನೌಕಾಶಿಕ್ಷಣ ಕೊಡುತ್ತಿದ್ದ ಡಚ್ ಅಧಿಕಾರಿ ಕಾಟೆಂಡೈಕೆಯು, ಜಪಾನೀಯರಿಗೆ ಹೊತ್ತಿನ ಪರಿವೆಯೇ ಇಲ್ಲವೆಂದು ತನ್ನ ದಿನಚರಿಯಲ್ಲಿ ಬೇಸರಪಟ್ಟುಕೊಂಡಿದ್ದಾನೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿಯ ನೂಲಿನ ಗಿರಣಿಗಳಿಂದ ಹಳ್ಳಿಯ ಹೆಣ್ಣುಮಕ್ಕಳು ಬಹುಸಂಖ್ಯೆಯಲ್ಲಿ ಕೆಲಸ ಬಿಟ್ಟು ಓಡಿಹೋಗುತ್ತಿದ್ದರು. ಕಾರ್ಮಿಕರನ್ನು ಉಳಿಸಿಕೊಳ್ಳುವ ಅಗತ್ಯದಿಂದಲೂ, 1911ರಲ್ಲಿ ಅಂಗೀಕೃತವಾಗಿ 1916ರಲ್ಲಿ ಜಾರಿಗೆ ಬಂದ ಕಾರ್ಖಾನೆ ಕಾನೂನನ್ನು ಎದುರಿಸುವ ಅಗತ್ಯದಿಂದಲೂ ಮಾಲೀಕರು "ಕಾರ್ಖಾನೆಯೆಂದರೆ ಕುಟುಂಬ" ಎಂಬ ಆದರ್ಶವನ್ನು ಮುಂದುಮಾಡಿದರು. ಜೀವಾವಧಿ ಉದ್ಯೋಗವು ದೊಡ್ಡ ಸಂಸ್ಥೆಗಳಲ್ಲಿ ನೆಲೆನಿಂತದ್ದು ಬಹುಮಟ್ಟಿಗೆ ಎರಡನೆಯ ಮಹಾಯುದ್ಧದ ಅನಂತರ. ಆಗಲೂ ಅದು ದುಡಿಯುವವರಲ್ಲಿ ಒಂದು ಭಾಗಕ್ಕೆ ಮಾತ್ರ ದೊರೆಯಿತು. ಹೀಗೆ ಮೊದಲು ಹೊತ್ತರಿಯದವರೆನಿಸಿಕೊಂಡ ಜನರೇ ಮೂರು ತಲೆಮಾರಿನಲ್ಲಿ ಗಡಿಯಾರಕ್ಕೆ ಮಾದರಿಯೆನಿಸಿಕೊಂಡರು.

2. ಆಳು ಸಿಗುವುದಿಲ್ಲವೆಂಬ ಮಾತು

ಈ ಬೆಳಕಿನಲ್ಲಿ ನಮ್ಮ ಸೀಮೆಯ ಮೊದಲ ಮಾತನ್ನು ನೋಡೋಣ. ಆಳಿನ ಅಭಾವ ಇತ್ತೀಚಿನದೆಂಬ ನಂಬಿಕೆಗೆ ದಾಖಲೆಗಳ ಆಧಾರವಿಲ್ಲ. ಮಲೇರಿಯದ ಹಾವಳಿಯಿಂದ ಮಲೆನಾಡಿನ ಜನಸಂಖ್ಯೆ ಕುಗ್ಗುತ್ತಿದ್ದುದು ಮೈಸೂರು ಸರ್ಕಾರದ ಚಿಂತೆಗೆ ಕಾರಣವಾಗಿ, ವಿಶ್ವೇಶ್ವರಯ್ಯನವರ ಕಾಲದಲ್ಲಿಯೇ ಮಲೆನಾಡಿನ ಸುಧಾರಣೆಗೆ ವಿಶೇಷ ಯೋಜನೆ ರೂಪುಗೊಂಡಿತು. ಅಡಕೆ, ಕಾಫಿ ತೋಟಗಳಿಗೆ ಘಟ್ಟದ ಕೆಳಗಿನಿಂದ ಮುಂಗಡ ಕೊಟ್ಟು ಜನರನ್ನು ಕರೆತರುವ ಸೇರೆಗಾರನು ಆ ಕಾಲದ ಪ್ರಮುಖ ವ್ಯಕ್ತಿ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಜನಿಸಿದ ಕುವೆಂಪು ಅವರ 'ಕಾನೂರು ಹೆಗ್ಗಡಿತಿ'ಯನ್ನು ಓದಿದವರಿಗೆ ಸೇರೆಗಾರನ ಪರಿಚಯ ಇದ್ದೇ ಇರುತ್ತದೆ. ಆಳು ಧಾರಾಳವಾಗಿ ಸಿಗುತ್ತಿದ್ದಿದ್ದರೆ ಸೇರೆಗಾರನಿಗೆ ಕೆಲಸವೇ ಇರುತ್ತಿರಲಿಲ್ಲ.

ಹಿಂದೆ ಇದ್ದ ಆಳುಗಳಾದರೂ ಬಿಡದೆ ದುಡಿದದ್ದು ಏಕೆ? ರೈಸ್ ಅವರ 1897ರ ಮೈಸೂರು ಗ್ಯಾಸೆಟಿಯರು ಮಲೆನಾಡಿನ ಆಳುಗಳಲ್ಲಿ ಎರಡು ವರ್ಗಗಳನ್ನು ಹೆಸರಿಸುತ್ತದೆ. ಒಡೆಯನ ಮನೆಯಲ್ಲಿ ವಂಶಪಾರಂಪರ್ಯವಾಗಿ ಹುಟ್ಟಿ ಬಂದವನು ಹುಟ್ಟಾಳು; ಭೂಮಿಯೊಡನೆ ಕೈಬದಲಾಗುತ್ತಿದ್ದವನು ಮಣ್ಣಾಳು. ಇವರು ಇಂದು ದಲಿತರೆಂದು ಕರೆಯಲ್ಪಡುವ ಸಮುದಾಯದವರು. 1843ರ ಕಾಯಿದೆಯು ಗುಲಾಮಗಿರಿಗಿದ್ದ ಕಾನೂನಿನ ಮಾನ್ಯತೆಯನ್ನು ತೆಗೆದುಹಾಕಿದ್ದರೂ, ಸಾಲದ ಮೂಲಕ ಜೀತ ಮುಂದುವರಿಯಿತು. ಅದನ್ನು ನಿಷೇಧಿಸುವ ಕಾನೂನು ಬಂದದ್ದು 1976ರಲ್ಲಿ. ಎಂದ ಮೇಲೆ ಹಿಂದಿನ ಆಳಿನ "ನಿಯತ್ತು" ಎಂಬ ಗುಣದಲ್ಲಿ, ಬಿಟ್ಟುಹೋಗಲು ದಾರಿಯಿಲ್ಲದ ಸ್ಥಿತಿಯ ಪಾಲೆಷ್ಟು ಎಂಬುದನ್ನು ಕೇಳಲೇಬೇಕಾಗುತ್ತದೆ. ಇಂದು ಅದೇ ಮನೆತನದ ಮಗ ದಿನಗೂಲಿಯನ್ನು ಮೊದಲೇ ಮಾತನಾಡಿ, ಹೊತ್ತು ನೋಡಿ ತೋಟ ಬಿಟ್ಟು ನಡೆದರೆ, ಅದು ಸೋಮಾರಿತನವಲ್ಲ, ಅವನ ಅಜ್ಜನಿಗೆ ಇಲ್ಲದಿದ್ದ ಸ್ವಾತಂತ್ರ್ಯದ ಬಳಕೆ.

ಆದರೆ ತೋಟದವನ ಕಷ್ಟ ಸುಳ್ಳೆಂದು ಇದರ ಅರ್ಥವಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ, ಸುಗ್ಗಿಯಲ್ಲಿ ಕೊನೆ ಇಳಿಸುವ ಕುಶಲಿ ಸಕಾಲದಲ್ಲಿ ದೊರೆಯದಿದ್ದರೆ ವರ್ಷದ ಫಸಲು ನೆಲದ ಪಾಲು. ಹಳದಿ ಎಲೆ ರೋಗದಿಂದ ತೋಟ ಸೊರಗಿರುವ ಶೃಂಗೇರಿ, ಕೊಪ್ಪದ ಸಣ್ಣ ಹಿಡುವಳಿದಾರನಿಗೆ ಕೂಲಿ ಏರಿಸಲು ಶಕ್ತಿಯಿಲ್ಲ. ಅವನ ದೂರು ನಿಜ. ಅದಕ್ಕೆ ಅವನು ಕೊಡುವ ಕಾರಣ ಮಾತ್ರ ಪರಿಶೀಲನಾರ್ಹ.

ಸಣ್ಣವರು ಹಿಂದೆ ಈ ಕಷ್ಟವನ್ನು ಮುಯ್ಯಾಳಿನ ಪದ್ಧತಿಯಿಂದ ನೀಗುತ್ತಿದ್ದರು. ಇಂದು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು ಎಂಬುದು ಇದರ ನಿಯಮ. ಜಪಾನಿನ ಹಳ್ಳಿಗಳಲ್ಲಿಯೂ ನಾಟಿಯ ಕಾಲಕ್ಕೆ ಇಂಥದೇ ಪದ್ಧತಿಯಿದ್ದು ಅದನ್ನು "ಯುಯಿ" ಎಂದು ಕರೆಯುತ್ತಿದ್ದರು. ಮುಯ್ಯಿ, ಯುಯಿ ಎಂಬ ಪದಗಳ ಧ್ವನಿಸಾಮ್ಯ ಆಕಸ್ಮಿಕ. ಏರ್ಪಾಟಿನ ಸಾಮ್ಯ ಆಕಸ್ಮಿಕವಲ್ಲ. ಬತ್ತದ ಗದ್ದೆ ಎಲ್ಲಿದ್ದರೂ ಒಂದೇ ವಾರದಲ್ಲಿ ಹಲವು ಕೈಗಳನ್ನು ಬೇಡುತ್ತದೆ. ನಮ್ಮಲ್ಲಿ ಗದ್ದೆಗಳು ಅಡಕೆ ತೋಟಗಳಾದಂತೆಲ್ಲ ಮುಯ್ಯಿಯೂ ಕ್ಷೀಣಿಸಿತು.

3. ಒಂದೇ ಮನೆಯವರೆಂಬ ಮಾತು

ಗೇಣಿಯ ವಿಷಯದಲ್ಲಿಯೂ ಹೀಗೆಯೆ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದಾಗ ಮುಖ್ಯ ವಿವಾದಗಳಲ್ಲೊಂದು ಗೇಣಿ ಅಳೆಯುವ ಕೊಳಗದ ಗಾತ್ರ. ಒಂದೇ ಮನೆಯವರೆಂದುಕೊಂಡವರ ನಡುವೆ ಅಳತೆಯ ಜಗಳವಿತ್ತೆಂಬುದು ಮರೆಯತಕ್ಕ ಸಂಗತಿಯಲ್ಲ. 1961ರ ಭೂಸುಧಾರಣಾ ಕಾಯಿದೆಗೆ ದೇವರಾಜ ಅರಸರ ಸರ್ಕಾರ ತಂದ ತಿದ್ದುಪಡಿಯು 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿದವು. 7ನೆಯ ನಮೂನೆಯ ಅರ್ಜಿ ಸಲ್ಲಿಸಿದ ಗೇಣಿದಾರನಿಗೆ ಭೂನ್ಯಾಯಮಂಡಲಿಯು ಅಧಿಭೋಗದ ಹಕ್ಕನ್ನು ಕೊಡುತ್ತಿತ್ತು. ಜನರ ಬಾಯಲ್ಲಿ ಇದು "ಡಿಕ್ಲರೇಷನ್ ಕೊಡುವುದು" ಎಂದಾಯಿತು.

ಜಪಾನಿನಲ್ಲಿ ಇದೇ ಕಾರ್ಯ 1946ರಿಂದ 1950ರ ಅವಧಿಯಲ್ಲಿ ನಡೆದು, ಸಾಗುವಳಿ ಭೂಮಿಯಲ್ಲಿ ಹೆಚ್ಚುಕಡಮೆ ಅರ್ಧದಷ್ಟಿದ್ದ ಗೇಣಿಯ ಪ್ರಮಾಣ ಸುಮಾರು ಹತ್ತನೆಯ ಒಂದಂಶಕ್ಕೆ ಇಳಿಯಿತು. ಅಲ್ಲಿ ಗೇಣಿ ಭೂಮಿಯ ವರ್ಗಾವಣೆಯನ್ನು ನಿರ್ಧರಿಸಿದ್ದು ಗೇಣಿದಾರರಿಗೆ ಸ್ಥಾನವಿದ್ದ ಹಳ್ಳಿಯ ಸಮಿತಿ. ನಮ್ಮಲ್ಲಿ ಗೇಣಿದಾರನೇ ಮುಂದೆ ಬಂದು ಒಡೆಯನ ಎದುರು ಅರ್ಜಿ ಹಾಕಬೇಕಾಗಿತ್ತು. ಅಭಿಪ್ರಾಯದ ಬಲ ಇಲ್ಲಿ ಕಾಣುತ್ತದೆ. ಕಾನೂನು ಕೈಗೆ ಬಂದಿದ್ದರೂ, ಉಂಡ ಮನೆಗೆ ಎರಡು ಬಗೆಯಬಾರದೆಂದು ಅರ್ಜಿ ಹಾಕದೆ ಉಳಿದವರೂ ಇದ್ದರು. ಅರ್ಜಿ ಹಾಕಿ ಭೂಮಿ ಪಡೆದವನು ಕೆಲವರ ದೃಷ್ಟಿಯಲ್ಲಿ ಕೃತಘ್ನ, ಕೆಲವರ ದೃಷ್ಟಿಯಲ್ಲಿ ಧೀರ. ಇನ್ನೊಂದೆಡೆ, ಬೇರೆ ಆಧಾರವಿಲ್ಲದೆ ತುಂಡು ಜಮೀನನ್ನು ಗೇಣಿಗೆ ಕೊಟ್ಟಿದ್ದ ವಿಧವೆಯರೂ ಬಡವರೂ ನೆಲ ಕಳೆದುಕೊಂಡರು. ಗೇಣಿಯ ಹಕ್ಕೂ ಇಲ್ಲದ ಕೂಲಿಯವನಿಗೆ ಈ ಕಾನೂನಿನಿಂದ ಸಾಗುವಳಿ ಭೂಮಿ ದೊರೆತದ್ದು ಅತ್ಯಲ್ಪ. ಈ ನಾಲ್ವರ ಮೊಮ್ಮಕ್ಕಳು ಇಂದು ನಮ್ಮ ತರಗತಿಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತಿದ್ದಾರೆ. ಆದರೆ 1974ನ್ನು ಕುರಿತು ಅವರ ಮನೆಗಳಲ್ಲಿ ಕೇಳಿಬರುವುದು ನಾಲ್ಕು ಬೇರೆ ಬೇರೆ ಇತಿಹಾಸಗಳು.

4. ಆಳು ಸದಸ್ಯನಾದದ್ದು

ಒಡೆಯನಿಲ್ಲದೆ ನಮ್ಮವರು ದುಡಿಯಲಾರರೆಂಬ ಅಭಿಪ್ರಾಯಕ್ಕೆ ಕೊಪ್ಪ ಪಟ್ಟಣವೇ ಒಂದು ಉತ್ತರ ಕೊಟ್ಟಿತ್ತು. ಖಾಸಗಿ ಸಾರಿಗೆ ಸಂಸ್ಥೆಯೊಂದರಲ್ಲಿ ಕಾರ್ಮಿಕ ವಿವಾದವುಂಟಾಗಿ ಅದು ನಿಂತಾಗ, ಅದರ ಚಾಲಕರು, ನಿರ್ವಾಹಕರು, ಕೆಲಸಗಾರರು ತಮಗೆ ಬಂದ ಕೆಲವೇ ಬಸ್ಸುಗಳಿಂದ 1991ರಲ್ಲಿ ಸಹಕಾರ ಸಂಘವನ್ನು ಕಟ್ಟಿದರು. "ಸಹಕಾರ ಸಾರಿಗೆ"ಯೆಂಬ ಹೆಸರಿನಲ್ಲಿ ಅದು ಹತ್ತಾರು ಬಸ್ಸುಗಳ ಸಂಸ್ಥೆಯಾಗಿ ಬೆಳೆದು, ಒಳಹಳ್ಳಿಗಳಿಗೆ ಸಂಚರಿಸಿ, ವಿದ್ಯಾರ್ಥಿಗಳಿಗೆ ರಿಯಾಯಿತಿ ಕೊಟ್ಟು, ಮೂರು ದಶಕಗಳ ಸಮೀಪ ನಡೆಯಿತು. ದುಡಿಯುವವನೇ ಅಲ್ಲಿ ಸದಸ್ಯ. ಡೀಸೆಲ್ ಬೆಲೆಯ ಏರಿಕೆ ಮೊದಲಾದ ಕಾರಣಗಳಿಂದ ನಷ್ಟಕ್ಕೆ ಸಿಲುಕಿ 2020ರಲ್ಲಿ ಅದರ ಓಡಾಟ ನಿಂತಿತು. ನಿಂತಿತೆಂಬುದರಿಂದ "ನಾವು ಮೊದಲೇ ಹೇಳಿದ್ದೆವು" ಎನ್ನುವವರು, ಅದೇ ಕಾಲದಲ್ಲಿ ಮಾಲೀಕರಿದ್ದ ಎಷ್ಟೋ ಸಾರಿಗೆ ಉದ್ಯಮಗಳು ನಿಂತುಹೋದುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಜಪಾನಿನ ಕಾರ್ಖಾನೆ ಕಾರ್ಮಿಕನನ್ನು ಕುಟುಂಬದ ಮಗನೆಂದಿತು. ಕೊಪ್ಪದ ಸಂಘ ಅವನನ್ನು ಪಾಲುದಾರನೆಂದಿತು. ಇವೆರಡರ ಅಂತರ ಚಿಂತನಾರ್ಹವಾದುದು.

5. ಯಾರು ಗೆದ್ದರೂ ಅಷ್ಟೆ ಎಂಬ ಮಾತು

ಸಮರ್ಥ ನಾಯಕರು ದೊರೆತರೆ ಎಲ್ಲವನ್ನೂ ಅವರಿಗೆ ಬಿಟ್ಟುಬಿಡುವುದು ಲೇಸೆ ಎಂದು ಜಪಾನಿನ ಸಮೀಕ್ಷೆ ಕೇಳುತ್ತಿತ್ತು. 1953ರಲ್ಲಿ ಒಪ್ಪಿದವರು ಹೆಚ್ಚು. ಎರಡು ದಶಕಗಳಲ್ಲಿ ಒಪ್ಪದವರು ಹೆಚ್ಚಾದರು. ಮತದಾನದ ಅನುಭವವೇ ಅಭಿಪ್ರಾಯವನ್ನು ತಿದ್ದಿತು. ನಮ್ಮ ಸೀಮೆಯವರು ರಾಜಕೀಯದಲ್ಲಿ ಉದಾಸೀನರೆಂಬುದನ್ನೂ ಹೀಗೆಯೇ ಪರೀಕ್ಷಿಸಬೇಕು. 1978ರ ನವೆಂಬರಿನಲ್ಲಿ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದ ಉಪಚುನಾವಣೆಗೆ ಇಂದಿರಾ ಗಾಂಧಿಯವರು ನಿಂತು ವೀರೇಂದ್ರ ಪಾಟೀಲರನ್ನು ಸೋಲಿಸಿದಾಗ ದೇಶವೆಲ್ಲ ಈ ಗುಡ್ಡಗಾಡಿನತ್ತ ನೋಡಿತು. ಅವರಿಗೆ ಬಿದ್ದ ಮತವನ್ನು ಬರಿಯ ವ್ಯಕ್ತಿಪೂಜೆಯೆಂದು ಬಗೆಯುವವರು, ಆಗ ಭೂನ್ಯಾಯಮಂಡಲಿಗಳ ವಿಚಾರಣೆ ಇನ್ನೂ ನಡೆಯುತ್ತಿತ್ತೆಂಬುದನ್ನು ನೆನೆಯಬೇಕು. ಹೊಸದಾಗಿ ನೆಲ ಪಡೆದವನಿಗೂ ಪಡೆಯಲಿದ್ದವನಿಗೂ ಯಾರು ಗೆಲ್ಲುವರೆಂಬುದು ಉದಾಸೀನದ ವಿಷಯವಾಗಿರಲು ಸಾಧ್ಯವಿರಲಿಲ್ಲ.

6. ಕೇಳದೆ ಉಳಿದ ಅಭಿಪ್ರಾಯ

ಮೇಲಿನ ಮೂರು ಮಾತುಗಳನ್ನೂ ಬಹುತೇಕ ಆಡುವವರು ಗಂಡಸರು. ಜಪಾನಿನ ಸಮೀಕ್ಷೆ 1958ರಲ್ಲಿ, ಮತ್ತೆ ಹುಟ್ಟುವುದಾದರೆ ಗಂಡಾಗುವಿರೊ ಹೆಣ್ಣಾಗುವಿರೊ ಎಂದು ಕೇಳಿತು. ಹೆಂಗಸರಲ್ಲಿ ಹೆಚ್ಚಿನವರು ಗಂಡಾಗಬೇಕೆಂದರು. ಮುಂದಿನ ದಶಕಗಳಲ್ಲಿ ಆ ಉತ್ತರ ತಲೆಕೆಳಗಾಯಿತು. ಅಡಕೆ ಸುಲಿಯುವ, ನಾಟಿ ಮಾಡುವ, ಸೊಪ್ಪು ಹೊರುವ ನಮ್ಮ ಹೆಂಗಸರನ್ನು ಇಂಥ ಪ್ರಶ್ನೆ ಯಾರು ಕೇಳಿದ್ದಾರೆ? ಸಮಾನ ವೇತನದ ಕಾನೂನು 1976ರಲ್ಲಿಯೇ ಬಂದಿತು. ಆದರೂ ಹೆಣ್ಣಾಳಿನ ಕೂಲಿ ಕಡಮೆಯಿರುವುದೇ ಸಹಜವೆಂಬ ಅಭಿಪ್ರಾಯ ತೋಟಗಳಲ್ಲಿ ಇನ್ನೂ ಜೀವಂತವಾಗಿದೆ.

ಆದಕಾರಣ ನಮ್ಮ ವಿದ್ಯಾರ್ಥಿಗಳಿಗೆ ಒಂದು ಕಾರ್ಯವನ್ನು ಸೂಚಿಸಿ ಲೇಖನವನ್ನು ಮುಗಿಸುತ್ತೇವೆ. 1974ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರು ಇಂದು ಎಪ್ಪತ್ತನ್ನು ದಾಟಿದ್ದಾರೆ. ಅವರ ಮಕ್ಕಳಲ್ಲಿ ಹಲವರು ಬೆಂಗಳೂರಿನಲ್ಲಿದ್ದು, ಮನೆಗಳಲ್ಲಿ ವೃದ್ಧರು ಮಾತ್ರ ಉಳಿದಿದ್ದಾರೆ. ರಜೆಯಲ್ಲಿ ಮನೆಗೆ ಹೋದಾಗ ಪ್ರತಿಯೊಬ್ಬರೂ ನಾಲ್ಕು ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಹೇಳಿದವರ ಮಾತಿನಲ್ಲಿಯೇ ಬರೆದುಕೊಳ್ಳಲಿ. ಒಳ್ಳೆಯ ಒಡೆಯನೆಂದರೆ ಯಾರು? ನೀವು ಅಥವಾ ನಿಮ್ಮ ಹಿರಿಯರು ಡಿಕ್ಲರೇಷನ್ ಕೊಟ್ಟಿರೊ, ಬಿಟ್ಟಿರೊ, ಏಕೆ? ನಿಮ್ಮ ಮತವನ್ನು ನೀವೇ ನಿರ್ಧರಿಸಿದ್ದು ಯಾವಾಗಿನಿಂದ? ದಿನದ ಕೆಲಸದಲ್ಲಿ ಯಾವುದಕ್ಕೆ ಕೂಲಿ ಸಿಕ್ಕಿತು, ಯಾವುದಕ್ಕೆ ಸಿಗಲಿಲ್ಲ? ತಂದೆಯನ್ನು ಕೇಳಿದಂತೆ ತಾಯಿಯನ್ನೂ, ತೋಟದ ಯಜಮಾನನನ್ನು ಕೇಳಿದಂತೆ ಲೈನುಮನೆಯವರನ್ನೂ ಕೇಳಬೇಕು. ಹೇಳಿದವರ ಒಪ್ಪಿಗೆಯಿಲ್ಲದೆ ಹೆಸರನ್ನು ಬರೆಯಬಾರದು.

ಜಪಾನೀಯರು 1953ರಲ್ಲಿ ಆರಂಭಿಸಿದ್ದನ್ನು ನಾವು ಇನ್ನೂ ಆರಂಭಿಸಬೇಕಾಗಿದೆ. ತಡವಾಯಿತೆಂಬುದು ನಿಜ. ಆದರೆ ಉತ್ತರ ಹೇಳಬಲ್ಲವರು ಇನ್ನೂ ಜಗಲಿಯ ಮೇಲೆ ಕುಳಿತಿದ್ದಾರೆ.