ನವೆಂಬರ್ ಕಾಡಿನ ಹಳೇ ಕೋವಿ

ತೇಜಸ್ವಿಯವರ ಅನುವಾದದಲ್ಲಿ ಕೆನೆತ್ ಆಂಡರ್ಸನ್ ಕಥೆಗಳನ್ನು ಓದಿದವರಿಗೆ ಆತನ .405 ವಿಂಚೆಸ್ಟರ್ ಕೋವಿಯ ನೆನಪಿರಬಹುದು. ಬೆಂಗಳೂರಿನಲ್ಲೇ ಬಾಳಿ 1974ರಲ್ಲಿ ತೀರಿಕೊಂಡ ಆಂಡರ್ಸನ್ ನರಭಕ್ಷಕಗಳ ಬೆನ್ನು ಹತ್ತಿ ಹೋಗುವಾಗ ನಂಬಿಕೊಂಡಿದ್ದ ಕೋವಿ ಅದು. 1895ರ ಮಾದರಿಯ ಅಮೆರಿಕನ್ ರೈಫಲ್. ಅದರ ಟ್ರಿಗರಿಗೆ ಅಂಟಿಕೊಂಡಂತೆ ಉದ್ದನೆಯ ಉಕ್ಕಿನ ಬಳೆಯೊಂದಿರುತ್ತದೆ. ಬೆರಳುಗಳನ್ನು ಅದರೊಳಗೆ ತೂರಿಸಿ ಕೆಳಕ್ಕೆ ತಳ್ಳಿ ಮತ್ತೆ ಮೇಲಕ್ಕೆಳೆದರೆ ಖಾಲಿ ತೋಟಾ ಹೊರಗೆ, ಹೊಸ ತೋಟಾ ಒಳಗೆ. ಈ ಬಗೆಯ ಕೋವಿಗೆ ಲೀವರ್ ಆ್ಯಕ್ಷನ್ ಎಂದು ಹೆಸರು. ಅಧ್ಯಕ್ಷ ಪದವಿ ಬಿಟ್ಟಿಳಿದ ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾದ ಸಿಂಹಗಳ ಬೇಟೆಗೆ ಹೊರಟಾಗ ಜೊತೆಗೊಯ್ದದ್ದೂ ಇದೇ ಮಾದರಿ, ಇದೇ .405 ತೋಟಾ.

ಹುಲಿ, ಸಿಂಹಗಳ ಕಥೆ ಕೇಳಲು ಚೆನ್ನ. ಆದರೆ ಈ ಜಾತಿಯ ಕೋವಿಗಳು ಲಕ್ಷಗಟ್ಟಲೆ ಮಾರಾಟವಾದದ್ದು ಜಿಂಕೆಯ ಹೆಸರಿನಲ್ಲಿ. ಸಿನಿಮಾದ ಕೌಬಾಯ್‌ಗಳು ಇದಕ್ಕೆ ಜಗತ್ತಿನಲ್ಲೆಲ್ಲ ಹೆಸರು ತಂದುಕೊಟ್ಟರು ನಿಜ. ಅನ್ನ ಹಾಕಿ ಸಾಕಿದವರು ಮಾತ್ರ ಮೇನ್, ಪೆನ್ಸಿಲ್ವೇನಿಯಾ, ಮಿಷಿಗನ್, ವಿಸ್ಕಾನ್ಸಿನ್ ಕಡೆಯ ರೈತರು, ಮರ ಕಡಿಯುವವರು, ಕಾರ್ಖಾನೆಯ ಕೆಲಸಗಾರರು. ವರ್ಷದ ಹನ್ನೊಂದು ತಿಂಗಳು ಬೀರುವಿನಲ್ಲಿದ್ದು ನವೆಂಬರಿನಲ್ಲಿ ಹೊರಬೀಳುವ ಕೋವಿ ಅವರದು.

ಕಥೆ ಶುರುವಾಗುವುದು ಅಂಗಿ ಹೊಲಿಸಿ ಮಾರುತ್ತಿದ್ದ ಒಬ್ಬ ವ್ಯಾಪಾರಿಯಿಂದ. ಆಲಿವರ್ ವಿಂಚೆಸ್ಟರ್ ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿ ಅಂಗಿ ಕಾರ್ಖಾನೆ ನಡೆಸುತ್ತಿದ್ದವನು. ಮುಳುಗುತ್ತಿದ್ದ ಕೋವಿ ಕಂಪನಿಯೊಂದರಲ್ಲಿ ದುಡ್ಡು ಹಾಕಿದ. ಅವನ ಕೈಕೆಳಗಿದ್ದ ಬೆಂಜಮಿನ್ ಟೈಲರ್ ಹೆನ್ರಿ 1860ರಲ್ಲಿ ಮಾಡಿಕೊಟ್ಟ ರೈಫಲ್ಲಿನಿಂದ ಒಂದೇ ಭರ್ತಿಗೆ ಹದಿನೈದಕ್ಕೂ ಹೆಚ್ಚು ಗುಂಡು ಹಾರಿಸಬಹುದಿತ್ತು. ಒಂದೊಂದೇ ತುಂಬಿ ಹೊಡೆಯುವ ಕೋವಿಗಳ ಕಾಲಕ್ಕೆ ಅದು ಪವಾಡವೇ. ಆಮೇಲೆ 1866ರ ಮಾದರಿ, 1873ರ ಮಾದರಿ. 1876ರಲ್ಲಿ ಲಿಟಲ್ ಬಿಗ್‌ಹಾರ್ನ್‌ನಲ್ಲಿ ಅಮೆರಿಕದ ಸೇನಾಧಿಕಾರಿ ಕಸ್ಟರನ ಪಡೆಯನ್ನು ಮಣ್ಣುಮುಕ್ಕಿಸಿದ ಮೂಲನಿವಾಸಿ ಲಕೋಟಾ, ಶಯನ್ ಯೋಧರಲ್ಲಿ ಹಲವರ ಕೈಯಲ್ಲಿ ಇವೇ ಇದ್ದವು. ಒಂದೊಂದೇ ಗುಂಡಿನ ಕೋವಿ ಹಿಡಿದಿದ್ದವರು ಸರ್ಕಾರಿ ಸೈನಿಕರು. ಗೆದ್ದವರ ಕೈಯಲ್ಲಿದ್ದ ಈ ಕೋವಿಯನ್ನು ‘ಪಶ್ಚಿಮ ಗೆದ್ದ ಕೋವಿ’ ಎಂದು ಸೋತವರ ಕಡೆಯವರು ಮುಂದೆ ಹೊಗಳಿಕೊಂಡದ್ದು ತಮಾಷೆ.

ಆದರೂ ಆ ಕೋವಿಗಳ ತೋಟಾ ಪಿಸ್ತೂಲಿನದಕ್ಕಿಂತ ಹೆಚ್ಚು ಜೋರಿನದಲ್ಲ. ಆ ಕೊರತೆ ನೀಗಿಸಿದವನು ಯೂಟಾದ ಆಗ್ಡನ್ ಎಂಬ ಊರಿನ ಕೋವಿ ಕಮ್ಮಾರನ ಮಗ ಜಾನ್ ಮೋಸೆಸ್ ಬ್ರೌನಿಂಗ್. ಮುಂದೆ ಮೆಷಿನ್‌ಗನ್, ಪಿಸ್ತೂಲುಗಳಿಂದ ಜಗತ್ಪ್ರಸಿದ್ಧನಾದ ಅದೇ ಬ್ರೌನಿಂಗ್. ಅವನು ರೂಪಿಸಿ ವಿಂಚೆಸ್ಟರ್ ಕಂಪನಿಗೆ ಮಾರಿದ ವಿನ್ಯಾಸವೇ 1894ರ ಮಾದರಿ. ಮರುವರ್ಷ ಅದಕ್ಕೆ ಹೊಗೆಯಿಲ್ಲದ ಮದ್ದಿನ ಹೊಸ ತೋಟಾ ಬಂತು. ಗುಂಡಿನ ಅಡ್ಡಳತೆ ಅಂಗುಲದ ನೂರರಲ್ಲಿ 30 ಭಾಗ, ಮದ್ದಿನ ತೂಕ 30 ಗ್ರೇನ್. ಹಾಗಾಗಿ ಜನರ ಬಾಯಲ್ಲಿ ಥರ್ಟಿ-ಥರ್ಟಿ. ಅಲ್ಲಿಯವರೆಗಿನ ಕಪ್ಪು ಮದ್ದಿಗೆ ಈಡು ಹೊಡೆದ ಕೂಡಲೇ ಮುಂದೆ ಹೊಗೆಯ ಪರದೆ ಏಳುತ್ತಿತ್ತು. ಜಿಂಕೆ ಬಿತ್ತೋ ಓಡಿತೋ ನೋಡಬೇಕಾದರೆ ಪಕ್ಕಕ್ಕೆ ಬಗ್ಗಬೇಕು. ಹೊಸ ತೋಟಾದಲ್ಲಿ ಹೊಗೆ ಇಲ್ಲ, ವೇಗ ಹೆಚ್ಚು, ಹೆಗಲಿಗೆ ಪೆಟ್ಟು ಕಡಿಮೆ. ಈ ಮಾದರಿ 70 ಲಕ್ಷಕ್ಕೂ ಹೆಚ್ಚು ತಯಾರಾಯಿತು. ಹತ್ತು ಲಕ್ಷನೆಯದನ್ನು 1927ರಲ್ಲಿ ಅಧ್ಯಕ್ಷ ಕ್ಯಾಲ್ವಿನ್ ಕೂಲಿಜ್‌ಗೂ ಇಪ್ಪತ್ತು ಲಕ್ಷನೆಯದನ್ನು 1953ರಲ್ಲಿ ಐಸೆನ್‌ಹೋವರ್‌ಗೂ ಕಂಪನಿ ಕಾಣಿಕೆಯಾಗಿ ಕೊಟ್ಟಿತು.

ಕೈಯಲ್ಲಿ ಹಿಡಿದರೆ ಮೊದಲು ಗೊತ್ತಾಗುವುದು ಇದು ಎಷ್ಟು ತೆಳುವೆಂದು. ಮೂರು ಕೆ.ಜಿ. ಆಸುಪಾಸಿನ ತೂಕ, ಮೀಟರಿಗೂ ಕಡಿಮೆ ಉದ್ದ, ಎರಡೂ ಪಕ್ಕ ಹಲಗೆಯಂತೆ ಚಪ್ಪಟೆ. ಕುದುರೆಯ ಜೀನಿನ ಪಕ್ಕದ ಚರ್ಮದ ಚೀಲಕ್ಕೆ ಜಾರಿಸಲಿಕ್ಕೆ ಈ ಚಪ್ಪಟೆತನ ಬೇಕಿತ್ತು. ಕಾಡಿನಲ್ಲಿ ನಡೆಯುವವನಿಗೂ ಅದೇ ಅನುಕೂಲ. ತೂಕದ ನಟ್ಟನಡುವೆ ಹಿಡಿದು ಒಂದೇ ಕೈಯಲ್ಲಿ ತೂಗಾಡಿಸಿಕೊಂಡು ದಿನವಿಡೀ ತಿರುಗಬಹುದು. ನಳಿಗೆಯ ಕೆಳಗೆ ಇನ್ನೊಂದು ಕೊಳವೆ ಇದೆ. ಬಲಪಕ್ಕದ ಸ್ಪ್ರಿಂಗ್ ಬಾಗಿಲನ್ನು ತೋಟಾದ ಮೂತಿಯಿಂದಲೇ ಒತ್ತಿ ಒಂದೊಂದಾಗಿ ಒಳಕ್ಕೆ ದೂಡಿದರೆ ಅವು ಕೊಳವೆಯಲ್ಲಿ ಸಾಲಾಗಿ ಮಲಗುತ್ತವೆ. ಕೊನೆಯದನ್ನು ದೂಡುವಾಗ ಹೆಬ್ಬೆರಳನ್ನು ಆ ಬಾಗಿಲು ಒಂದಿಷ್ಟು ಕಚ್ಚುತ್ತದೆ. ಲೀವರನ್ನು ಕೆಳಕ್ಕೆ ತಳ್ಳಿದರೆ ಬೋಲ್ಟ್ ಹಿಂದೆ ಸರಿದು ಕೋವಿಯ ಕುದುರೆಯನ್ನು, ಅಂದರೆ ಹ್ಯಾಮರನ್ನು, ಎತ್ತಿ ನಿಲ್ಲಿಸುತ್ತದೆ, ಖಾಲಿ ಕೊಪ್ಪೆ ನೆತ್ತಿಯ ಮೇಲಿಂದ ಹಾರುತ್ತದೆ, ಕೊಳವೆಯಿಂದ ಜಾರಿದ ತೋಟಾವನ್ನು ಪುಟ್ಟ ತೊಟ್ಟಿಲೊಂದು ಮೇಲಕ್ಕೆತ್ತುತ್ತದೆ. ಲೀವರ್ ಮುಚ್ಚಿದಾಗ ಬೋಲ್ಟ್ ಅದನ್ನು ನಳಿಗೆಗೆ ದೂಡಿ, ಹಿಂದೆ ಉಕ್ಕಿನ ಅಗುಳಿಯೊಂದು ಎದ್ದು ಬೀಗ ಹಾಕುತ್ತದೆ. ಇಷ್ಟೆಲ್ಲ ಒಂದು ಸೆಕೆಂಡಿನಲ್ಲಿ, ಹೆಗಲಿನಿಂದ ಕೋವಿ ಕದಲಿಸದೆ. ಎಡಗೈಯವರಿಗೂ ತೊಂದರೆಯಿಲ್ಲ.

ಅಪಾಯವೂ ಇಲ್ಲೇ. ಹಳೆಯ ವಿಂಚೆಸ್ಟರುಗಳಿಗೆ ಬೇರೆ ಸೇಫ್ಟಿ ಗುಂಡಿ ಇಲ್ಲ. ತೋಟಾ ಒಳಗಿರುವಾಗ ಕುದುರೆಯನ್ನು ಹೆಬ್ಬೆರಳಿನಲ್ಲಿ ತಡೆಹಿಡಿದು, ಟ್ರಿಗರ್ ಒತ್ತಿ, ಮೆಲ್ಲಗೆ ಅರ್ಧ ಮಟ್ಟದ ಹಲ್ಲಿಗೆ ಇಳಿಸಬೇಕು. ಚಳಿಗೆ ಮರಗಟ್ಟಿದ ಬೆರಳಿನಲ್ಲಿ ಈ ಕೆಲಸ ಮಾಡುವಾಗ ನಳಿಗೆಯ ಮೂತಿ ಎತ್ತ ಇದೆ ಎಂಬುದೇ ಜೀವ ಉಳಿಸುವ ಸಂಗತಿ. ಕೋವಿ ಖಾಲಿ ಮಾಡಲೂ ಒಂದೊಂದು ತೋಟಾವನ್ನೂ ಲೀವರ್ ಆಡಿಸಿಯೇ ಹೊರಹಾಕಬೇಕು. ಮುಂದಿನ ತಯಾರಿಕೆಗಳಲ್ಲಿ ಸೇಫ್ಟಿ ಬಂತು. ಹಳಬರು ಮೂಗು ಮುರಿದರು. ಹಳಬರ ಗೊಣಗಾಟ ಏನೇ ಇರಲಿ, ಸೇಫ್ಟಿ ಬಂದದ್ದು ಒಳ್ಳೆಯದೇ ಆಯಿತು.

ಕೊಳವೆಯೊಳಗೆ ಒಂದು ತೋಟಾದ ಮೂತಿ ಮುಂದಿನದರ ಬೆನ್ನಿಗೆ ತಾಗಿಕೊಂಡಿರುತ್ತದೆ; ಆ ಬೆನ್ನಿನ ನಡುವೆಯೇ ಕಿಡಿ ಹೊತ್ತಿಸುವ ಕೇಪು. ಗುಂಡಿನ ಮೂತಿ ಚೂಪಾಗಿದ್ದರೆ ಈಡು ಹೊಡೆದ ಧಕ್ಕೆಗೆ ಕೇಪು ಚುಚ್ಚಿ ಕೊಳವೆಯಲ್ಲೇ ಸಿಡಿದೀತು. ಅದಕ್ಕೇ ಥರ್ಟಿ-ಥರ್ಟಿಯ ಗುಂಡಿಗೆ ಚಪ್ಪಟೆ ಮೂತಿ. ಚಪ್ಪಟೆ ಗುಂಡು ಗಾಳಿಯಲ್ಲಿ ಬೇಗ ಸೋಲುತ್ತದೆ. ನಳಿಗೆ ಬಿಡುವಾಗ ಸೆಕೆಂಡಿಗೆ ಸುಮಾರು 700 ಮೀಟರ್ ವೇಗವಿದ್ದರೂ 150 ಗಜ ದಾಟಿದ ಮೇಲೆ ಅದನ್ನು ನೆಚ್ಚುವಂತಿಲ್ಲ. 2006ರಲ್ಲಿ ಹಾರ್ನಡಿ ಕಂಪನಿ ಮೆತ್ತನೆಯ ಪ್ಲಾಸ್ಟಿಕ್ ತುದಿಯ ಚೂಪು ಗುಂಡು ತಂದು ಈ ಮಿತಿಯನ್ನು ಸ್ವಲ್ಪ ದೂರ ತಳ್ಳಿತು.

ಎದುರಾಳಿಗಳೂ ಕಡಿಮೆಯವರಲ್ಲ. ವಿಂಚೆಸ್ಟರ್ ಖಾಲಿ ಕೊಪ್ಪೆಯನ್ನು ಮೇಲಕ್ಕೆ ಎಸೆಯುವುದರಿಂದ ನೆತ್ತಿಯ ಮೇಲೆ ದುರ್ಬೀನು ಕೂರಿಸುವುದು ಕಷ್ಟವಿತ್ತು. ಮಾರ್ಲಿನ್ ಕಂಪನಿಯ ಕೋವಿ ಪಕ್ಕಕ್ಕೆ ಎಸೆಯುತ್ತಿತ್ತು; 1948ರಲ್ಲಿ ಬಂದ ಅದರ 336 ಮಾದರಿ, ಕಣ್ಣು ಮಂಜಾದ ಹಿರಿಯ ಬೇಟೆಗಾರರಿಗೆ ವರವಾಯಿತು. ಆದರೆ ನನ್ನನ್ನು ಕೇಳಿದರೆ ಮೂವರಲ್ಲಿ ಜಾಣ ಕೆಲಸ ಜಮೈಕಾದಲ್ಲಿ ಹುಟ್ಟಿದ ಆರ್ಥರ್ ಸ್ಯಾವೇಜ್‌ನದು. ಅವನ 1899ರ ಮಾದರಿಯಲ್ಲಿ ಕೊಳವೆಯೇ ಇಲ್ಲ. ತೋಟಾಗಳು ತಿರುಗುವ ಹಿತ್ತಾಳೆ ಉರುಳೆಯ ಸುತ್ತ ಕೂರುತ್ತವೆ. ಹಾಗಾಗಿ ಚೂಪು ಗುಂಡಿಗೂ ಅಡ್ಡಿಯಿಲ್ಲ. ಎಷ್ಟು ತೋಟಾ ಉಳಿದಿವೆ ಎಂದು ತೋರಿಸುವ ಪುಟ್ಟ ಕಿಂಡಿ ಬೇರೆ. ಇಂಥದ್ದನ್ನು ಮಾಡಲು ತಗಲುವ ಖರ್ಚೇ ಕೊನೆಗೆ ಅದನ್ನು ಮುಳುಗಿಸಿತು. ಕಳೆದ ಶತಮಾನದ ಕೊನೆಗೆ ತಯಾರಿಕೆ ನಿಂತುಹೋಯಿತು.

ಇನ್ನು ಬೇಟೆ. ನಮ್ಮ ಮಲೆನಾಡಿನ ಹಳೆಯ ಶಿಕಾರಿಯ ಎರಡು ಕ್ರಮಗಳೂ ಅಲ್ಲಿವೆ. ಒಂದಷ್ಟು ಜನ ಹಳು ನುಗ್ಗಿ ಸೋಯುವುದು, ಉಳಿದವರು ಜಿಂಕೆ ಹಾಯುವ ದಾರಿಯಲ್ಲಿ ಕಾಯುವುದು ಒಂದು. ಮರದ ಮೇಲೆ ಅಟ್ಟಣೆ ಕಟ್ಟಿ ಮರಸು ಕೂರುವುದು ಇನ್ನೊಂದು. ಲೀವರ್ ಕೋವಿಯವರ ಹೆಮ್ಮೆ ಮಾತ್ರ ಮೂರನೆಯದು. ಒಬ್ಬನೇ, ಹಿಮ ಬಿದ್ದ ಕಾಡಿನಲ್ಲಿ, ಗಾಳಿಗೆ ಎದುರಾಗಿ ನಡೆಯುವುದು. ನಡೆಯುವುದಕ್ಕಿಂತ ನಿಲ್ಲುವುದೇ ಹೆಚ್ಚು. ಎರಡು ಹೆಜ್ಜೆ ಇಟ್ಟು, ಮರಕ್ಕೊರಗಿ, ಐದು ನಿಮಿಷ ಕಣ್ಣಾಡಿಸಬೇಕು. ಇಡೀ ಜಿಂಕೆಯನ್ನು ಹುಡುಕಿದರೆ ಕಾಣುವುದಿಲ್ಲ. ಕಾಡಿನಲ್ಲಿ ಎಲ್ಲವೂ ನೆಟ್ಟಗೆ ನಿಂತಿರುವಾಗ ಅಡ್ಡಕ್ಕೆ ಮಲಗಿದಂಥ ಒಂದು ಗೆರೆ ಬೆನ್ನಾಗಿರಬಹುದು. ಅಲುಗಿದ ಎಲೆ ಕಿವಿಯಾಗಿರಬಹುದು. ಬಿಳಿಬಾಲದ ಜಿಂಕೆಗೆ ವಾಸನೆ ಸಿಕ್ಕಿತೆಂದರೆ ಬಾಲ ಎತ್ತಿ ಒಳಗಿನ ಬಿಳಿ ತೋರಿಸುತ್ತ ನಾಲ್ಕು ನೆಗೆತಕ್ಕೆ ಮಾಯ. ಸಿಕ್ಕರೆ ಐವತ್ತು, ಅರವತ್ತು ಗಜದಲ್ಲಿ, ಮೂರು ನಾಲ್ಕು ಸೆಕೆಂಡು. ಗುರಿ ಮುಂಗಾಲಿನ ಹಿಂದೆ, ಶ್ವಾಸಕೋಶಕ್ಕೆ. ಪ್ರಾಣಿ ಕಣ್ಣೆದುರೇ ಬೀಳದಿದ್ದರೆ ಕೂಡಲೇ ಬೆನ್ನಟ್ಟಬಾರದು. ಅರ್ಧ ಗಂಟೆ ಕಾದು ಆಮೇಲೆ ರಕ್ತದ ಜಾಡು ಹಿಡಿಯಬೇಕು. ಗಾಯಗೊಂಡದ್ದನ್ನು ಅಟ್ಟಿಸಿಕೊಂಡು ಹೋದರೆ ಅದು ಮೈಲಿಗಟ್ಟಲೆ ಓಡಿ ಎಲ್ಲೋ ನರಳಿ ಸಾಯುತ್ತದೆ.

ದುರ್ಬೀನು ಹಾಕಿದ ಬೋಲ್ಟ್ ರೈಫಲ್ಲಿನಲ್ಲಿ ಮುನ್ನೂರು ಗಜದಿಂದ ಹೊಡೆಯಬಹುದಾದಾಗ ಇದೇಕೆ ಬೇಕು ಎಂದರೆ, ಹಾಗೆ ಹೊಡೆಯಲಾಗದು ಎಂಬುದಕ್ಕಾಗಿಯೇ ಇದು ಬೇಕು ಎನ್ನುವವರಿದ್ದಾರೆ. ಹತ್ತಿರ ಹೋಗಲೇಬೇಕಾದಾಗ ಕಾಡು ಕಲಿಯಲೇಬೇಕಾಗುತ್ತದೆ. ಈ ವಾದ ನನಗೆ ಒಪ್ಪಿಗೆ. ಒಪ್ಪದ ಮಾತೂ ಒಂದಿದೆ: ನಿಧಾನದ ದಪ್ಪ ಗುಂಡು ಪೊದೆ ಸೀಳಿಕೊಂಡು ನೇರ ಹೋಗುತ್ತದಂತೆ. ಕಡ್ಡಿಗೆ ತಾಗಿದರೆ ಯಾವ ಗುಂಡೂ ದಿಕ್ಕು ತಪ್ಪುತ್ತದೆ. ಪರೀಕ್ಷೆ ಮಾಡಿದವರೆಲ್ಲ ಕಂಡದ್ದು ಇದನ್ನೇ. ಥರ್ಟಿ-ಥರ್ಟಿಯಷ್ಟು ಜಿಂಕೆ ಕೊಂದ ತೋಟಾ ಬೇರೊಂದಿಲ್ಲ ಎಂಬ ಹೇಳಿಕೆಯೂ ಹಾಗೆಯೇ; ಲೆಕ್ಕ ಇಟ್ಟವರು ಯಾರು?

ಲೆಕ್ಕವಿಟ್ಟ ಒಂದು ಜಿಂಕೆಯ ಕಥೆ ಹೇಳಬೇಕು. 1914ರ ನವೆಂಬರಿನಲ್ಲಿ ವಿಸ್ಕಾನ್ಸಿನ್‌ನ ಡ್ಯಾನ್‌ಬರಿ ಬಳಿ ಜಿಮ್ ಜೋರ್ಡಾನ್ ಎಂಬ ಯುವಕ 1892ರ ಮಾದರಿಯ ವಿಂಚೆಸ್ಟರ್‌ನಿಂದ ಭಾರೀ ಗಂಡು ಜಿಂಕೆಯೊಂದನ್ನು ಕೆಡವಿದ. ಆ ಕೋವಿಯ .25-20 ತೋಟಾವನ್ನು ಇಂದು ಯಾರೂ ಜಿಂಕೆಗೆ ಸಾಕೆನ್ನುವುದಿಲ್ಲ. ತಲೆಗೆ ಹುಲ್ಲು ತುಂಬಿ ಕೊಡಲು ಒಬ್ಬನಿಗೆ ಐದು ಡಾಲರ್ ಕೊಟ್ಟ. ಅವನು ಊರು ಬಿಟ್ಟ, ತಲೆಯೂ ಹೋಯಿತು. ಅರ್ಧ ಶತಮಾನದ ಮೇಲೆ ಪಕ್ಕದ ಮಿನೆಸೋಟಾದಲ್ಲಿ ಹಳೇ ಸಾಮಾನಿನ ಮಾರಾಟದಲ್ಲಿ ಮೂರು ಡಾಲರಿಗೆ ಯಾರೋ ಕೊಂಡರು. ಅಳೆದು ನೋಡಿದರೆ ವಿಶ್ವದಾಖಲೆಯ ಕೊಂಬು. ಅದು ತನ್ನದೆಂದು ಜೋರ್ಡಾನ್ ವರ್ಷಗಟ್ಟಲೆ ಹೇಳಿಕೊಂಡ. ಇಂಥ ದಾಖಲೆಗಳ ಲೆಕ್ಕವಿಡುವ ಬೂನ್ ಆ್ಯಂಡ್ ಕ್ರಾಕೆಟ್ ಕ್ಲಬ್ ಒಪ್ಪಿದ್ದು 1978ರಲ್ಲಿ, ಆತ ತೀರಿಕೊಂಡ ಸ್ವಲ್ಪ ಸಮಯದ ಮೇಲೆ.

ಜೋರ್ಡಾನ್ ಬೇಟೆಯಾಡಿದ ಕಾಲಕ್ಕೆ ಜಿಂಕೆಯೇ ಅಪರೂಪವಾಗಿತ್ತು. ಪಟ್ಟಣದ ಮಾರುಕಟ್ಟೆಗೆ ಮಾಂಸ ಪೂರೈಸುವ ದಂಧೆಯಿಂದ, 1900ರ ಹೊತ್ತಿಗೆ ಇಡೀ ದೇಶದಲ್ಲಿ ಬಿಳಿಬಾಲದ ಜಿಂಕೆ ಸುಮಾರು ಐದು ಲಕ್ಷಕ್ಕೆ ಇಳಿದಿತ್ತೆಂದು ಅಂದಾಜು. ಇದೇ ಕೋವಿಗಳೂ ಆ ಪಾಪದ ಪಾಲುದಾರರು. ಅದೇ ವರ್ಷ ಬಂದ ಲೇಸಿ ಕಾಯ್ದೆ ಕಳ್ಳಬೇಟೆಯ ಸಾಗಣೆಗೆ ಕಡಿವಾಣ ಹಾಕಿತು. ಬೇಟೆಗೆ ಋತು, ಲೈಸೆನ್ಸು, ಒಬ್ಬನಿಗೆ ಇಷ್ಟೇ ಎಂಬ ಚೀಟಿ ಬಂದವು. ಕಾಡುಜಿಂಕೆಯ ಮಾಂಸ ಮಾರುವುದನ್ನೇ ರಾಜ್ಯಗಳು ನಿಷೇಧಿಸಿದವು. 1937ರ ಪಿಟ್ಮನ್-ರಾಬರ್ಟ್‌ಸನ್ ಕಾಯ್ದೆ ರೈಫಲ್ ಮತ್ತು ತೋಟಾಗಳ ಮೇಲಿನ ಶೇ 11ರ ತೆರಿಗೆಯನ್ನು ನೇರವಾಗಿ ವನ್ಯಜೀವಿ ಇಲಾಖೆಗಳಿಗೆ ತಿರುಗಿಸಿತು. ಇಂದು ಅಲ್ಲಿ ಸುಮಾರು ಮೂರು ಕೋಟಿ ಜಿಂಕೆಗಳಿವೆ. ತೋಳ ಇಲ್ಲದ ಕಡೆ ಅವು ಚಿಗುರು ಉಳಿಸುವುದಿಲ್ಲ, ರಸ್ತೆಯಲ್ಲಿ ಕಾರಿಗೆ ಅಡ್ಡ ಬರುತ್ತವೆ. ಮಿದುಳು ತಿನ್ನುವ ಸಿಡಬ್ಲ್ಯುಡಿ ರೋಗ ಹರಡುತ್ತಿದೆ. ಸೀಸದ ಗುಂಡಿನ ಚೂರು ತಿಂದು ರಣಹದ್ದುಗಳು ಸಾಯುತ್ತವೆಂದು ಕ್ಯಾಲಿಫೋರ್ನಿಯಾ 2019ರಿಂದ ಬೇಟೆಗೆ ಸೀಸವನ್ನೇ ನಿಷೇಧಿಸಿದೆ. ಹೊಸದಕ್ಕೆಲ್ಲ ಮುಖ ಸಿಂಡರಿಸುವ ಹಳೇ ಕೋವಿಯ ಭಕ್ತರು ಇದಕ್ಕಾದರೂ ಮನಸ್ಸು ಮಾಡಬೇಕು.

ಕೋವಿಗಳ ಗತಿಯೂ ಏರಿಳಿತದ್ದೇ. ಖರ್ಚು ಉಳಿಸಲು ವಿಂಚೆಸ್ಟರ್ 1964ರಲ್ಲಿ ಅಗ್ಗದ ಬಿಡಿಭಾಗ ಬಳಸತೊಡಗಿತು. ಗಿರಾಕಿಗಳು ಇಂದಿಗೂ ಕ್ಷಮಿಸಿಲ್ಲ, ಅದಕ್ಕಿಂತ ಹಿಂದಿನವುಗಳಿಗೆ ಈಗ ಒಳ್ಳೆಯ ಬೆಲೆ. 2006ರಲ್ಲಿ ನ್ಯೂ ಹೇವನ್ ಕಾರ್ಖಾನೆ ಮುಚ್ಚಿತು. ಈಗ ಈ ಅಪ್ಪಟ ಅಮೆರಿಕನ್ ಕೋವಿ ತಯಾರಾಗುವುದು ಜಪಾನಿನ ಮಿರೋಕು ಕಾರ್ಖಾನೆಯಲ್ಲಿ! ಮಾರ್ಲಿನ್ ಕಂಪನಿ ತನ್ನ ಒಡೆಯ ರೆಮಿಂಗ್ಟನ್ ಕಂಪನಿಯ ದಿವಾಳಿಯ ಜೊತೆ ಮುಳುಗಿ, 2020ರಲ್ಲಿ ರೂಗರ್ ಕಂಪನಿಯ ಕೈಸೇರಿ ಮತ್ತೆ ಎದ್ದಿತು.

ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಜಿಂಕೆಗೆ ಕೋವಿ ಎತ್ತಿದರೆ ಜೈಲು; ಕೊಡಗಿನಲ್ಲಿ ಕೈಲ್‌ಪೊಳ್ದ್‌ಗೆ ಪೂಜೆಗೊಳ್ಳುವ ಕೋವಿಗೂ ಕಾಡುಪ್ರಾಣಿಯ ಮೇಲೆ ಹಕ್ಕಿಲ್ಲ. ಆ ಕಾಯ್ದೆ ಸಡಿಲವಾಗಲಿ ಎಂದು ನಾನಂತೂ ಬಯಸುವುದಿಲ್ಲ. ಆದರೆ ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೆ, ಮಕ್ಕಳ ಮನೆಗೆ ಹೋಗಿ ಬೆಳಗಿನ ವಾಕಿಂಗ್‌ಗೆ ಹೊರಡುವ ಅಪ್ಪ-ಅಮ್ಮಂದಿರಿಗೆ ಒಂದು ಮಾತು. ನವೆಂಬರ್ 15ಕ್ಕೆ ಮಿಷಿಗನ್‌ನಲ್ಲಿ, ಥ್ಯಾಂಕ್ಸ್‌ಗಿವಿಂಗ್‌ನ ಹಿಂದಿನ ಶನಿವಾರ ವಿಸ್ಕಾನ್ಸಿನ್‌ನಲ್ಲಿ, ಅದರ ಮರು ಶನಿವಾರ ಪೆನ್ಸಿಲ್ವೇನಿಯಾದಲ್ಲಿ ರೈಫಲ್ ಬೇಟೆ ಶುರುವಾಗುತ್ತದೆ. ಪೆನ್ಸಿಲ್ವೇನಿಯಾದಲ್ಲಿ ಹಿಂದೆ ಭಾನುವಾರ ಜಿಂಕೆ ಬೇಟೆ ಇರುತ್ತಿರಲಿಲ್ಲ; ಈಗ ಆ ಭರವಸೆಯೂ ಬೇಡ. ಆ ದಿನಗಳಲ್ಲಿ ಸರ್ಕಾರಿ ಕಾಡಿನ ಕಾಲುದಾರಿಗೆ ಕಾಲಿಡುವ ಮುನ್ನ ಅಲ್ಲಿ ಬೇಟೆಗೆ ಅನುಮತಿ ಇದೆಯೇ ಎಂದು ವಿಚಾರಿಸಿ. ಕಂದು ಶಾಲು, ಬಿಳಿ ಮಫ್ಲರ್ ಮನೆಯಲ್ಲೇ ಬಿಟ್ಟು ಹೊಳೆಯುವ ಕಿತ್ತಳೆ ಬಣ್ಣದ ಟೊಪ್ಪಿ, ಜಾಕೆಟ್ ತೊಟ್ಟು ಹೋಗಿ. ಕೆಲವೇ ಡಾಲರಿಗೆ ಸಿಗುತ್ತವೆ.