ಸುಗಂಧರಾಜದ ಗಡ್ಡೆ ಕೀಳುವ ಕಾಲ

ಎರಡು ಮೂರು ವರುಷ ಚೆನ್ನಾಗಿ ಹೂ ಕೊಟ್ಟ ಸುಗಂಧರಾಜವು ಆಮೇಲೆ ಏಕೆ ಕೈಕೊಡುತ್ತದೆಂದು ನಮ್ಮ ತಾಳವಾಡಿ ಸೀಮೆಯ ಕೆಲವು ರೈತಬಾಂಧವರು ಕೇಳುವುದುಂಟು. ಈ ವಿಷಯದಲ್ಲಿ ನಾವೂ ಕೈ ಸುಟ್ಟುಕೊಂಡವರೇ.

ತಮಿಳರು ನಿಲಸಂಪಂಗಿ ಎನ್ನುವ ಈ ಗಿಡದ ತವರು ಮೆಕ್ಸಿಕೊ ದೇಶ. ಸಸ್ಯಶಾಸ್ತ್ರಜ್ಞರು ಈಗ ಇದನ್ನು ಕತ್ತಾಳೆಯ ಕುಲಕ್ಕೇ ಸೇರಿಸಿದ್ದಾರೆ. ನಮ್ಮ ಬದುವಿನ ಮುಳ್ಳುಕತ್ತಾಳೆಗೆ ಇಷ್ಟು ನಯವಾದ ನೆಂಟನಿದ್ದಾನೆಂದು ಯಾರು ನಂಬಿಯಾರು! ಒಮ್ಮೆ ಹೂ ಬಿಟ್ಟ ಗಡ್ಡೆ ಮತ್ತೆ ಹೂ ಬಿಡದು. ಅದರ ಸುತ್ತ ಹುಟ್ಟಿದ ಮರಿಗಡ್ಡೆಗಳು ಮುಂದೆ ಹೂ ಕೊಡುತ್ತವೆ. ಮೂರನೆಯ ವರುಷದ ಹೊತ್ತಿಗೆ ಮರಿಗಳು ಒಂದರ ಮೇಲೊಂದು ಒತ್ತಿಕೊಂಡು ಸಣ್ಣಗಾಗುತ್ತವೆ, ಹೂದಂಡು ಗಿಡ್ಡವಾಗುತ್ತದೆ. ಆಗ ಕಿತ್ತು ಬಿಡಿಸಲೇಬೇಕು.

ಎಲೆ ಹಳದಿಯಾದಾಗ ನೀರು ನಿಲ್ಲಿಸಿ, ಮಣ್ಣು ಒಣಗಿದ ಮೇಲೆ ಗಡ್ಡೆ ಕಿತ್ತು ನೆರಳಿನಲ್ಲಿ ಹರವಿರಿ. ಒಂದು ತಿಂಗಳು ವಿಶ್ರಾಂತಿ ಕೊಟ್ಟು, ನೆಲ್ಲಿಕಾಯಿ ಗಾತ್ರದವನ್ನು ನಾಟಿಗೆ ಆರಿಸಿಕೊಳ್ಳತಕ್ಕದ್ದು. ಚಿಕ್ಕವನ್ನು ಎಸೆಯದೆ ಬೇರೆ ಪಾತಿಯಲ್ಲಿ ಬೆಳೆಸಿದರೆ ಮುಂದೆ ಉಪಯೋಗಕ್ಕೆ ಬರುತ್ತವೆ. ಸಾಲಿಗೆ ಒಂದಡಿ, ಗಡ್ಡೆಗೆ ಮುಕ್ಕಾಲಡಿ, ಆಳ ೨ ಅಂಗುಲ. ನೀರು ನಿಲ್ಲುವ ನೆಲ ಮಾತ್ರ ಬೇಡ.

ನಾವು ಮಾಡಿದ ತಪ್ಪು ಬೇರೆ. ನಮ್ಮ ೫ ಗುಂಟೆಯ ಹೂವಿನ ಹಣದಲ್ಲೇ ಮಗಳ ಕಾಲೇಜಿನ ಫೀ ಕಟ್ಟುತ್ತಿದ್ದೆವು. ಒಂದು ವರುಷವೂ ಬಿಡಲು ಮನಸ್ಸಾಗದೆ, ಕಿತ್ತ ನೆಲದಲ್ಲೇ ಮತ್ತೆ ನೆಟ್ಟೆವು. ಗಿಡ ಕುಗ್ಗಿತು, ಎಲೆ ಬಿಳಿಚಿತು. ಗೊಬ್ಬರ ಸಾಲದೆಂದು ಭಾವಿಸಿ ಇನ್ನಷ್ಟು ಹಾಕಿದೆವು, ಹಣವೂ ಹೋಯಿತು. ಕೊನೆಗೆ ಬೇರು ಕಿತ್ತು ನೋಡಿದರೆ ಮಣಿ ಪೋಣಿಸಿದಂತೆ ಗಂಟುಗಳು! ಕಣ್ಣಿಗೆ ಕಾಣದಷ್ಟು ಸಣ್ಣ ಜಂತುಹುಳುಗಳ ಕೆಲಸವದು. ಮೊದಲೇ ಒಂದು ಗಿಡ ಕಿತ್ತು ನೋಡಿದ್ದರೆ ಅರ್ಧ ನಷ್ಟ ತಪ್ಪುತ್ತಿತ್ತು. ಆ ವರುಷದ ಫೀಗೆ ಕರುವಿನೊಂದಿಗೆ ಹಸು ಮಾರಿದೆವು.

ಆ ನೆಲಕ್ಕೆ ಚೆಂಡುಹೂ ಹಾಕಿದೆವು. ಅದರ ಬೇರಿನ ರಸ ಈ ಹುಳುಗಳಿಗೆ ಆಗದು. ಬಳಿಕ ಬೇವಿನ ಹಿಂಡಿ ಬೆರೆಸಿ, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ 'ಶೃಂಗಾರ' ತಳಿಯ ಗಡ್ಡೆ ನೆಟ್ಟೆವು. ಇದು ಒಂಟಿ ಎಸಳಿನದು, ಹಾರಕ್ಕೆ ಒಪ್ಪುತ್ತದೆ, ಗಂಟುಬೇರಿನ ಹುಳುವನ್ನೂ ಕೊಂಚ ತಾಳುತ್ತದೆ. ಗಡ್ಡೆಯನ್ನು ಯಾರಿಂದ ಕೊಂಡರೂ ಅವರ ಹೊಲದಲ್ಲಿ ಒಂದೆರಡು ಗಿಡ ಕೀಳಿಸಿ ಬೇರು ನೋಡಿರಿ. ಮಾರುವವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಈಗ ಬೆಳಗಿನ ಜಾವ ಬಿಡಿಸಿದ ಹೂ ದಿಂಬಂ ಘಟ್ಟದ ೨೭ ತಿರುವು ಇಳಿದು ಸತ್ಯಮಂಗಲದ ಸಂತೆಗೆ ಹೋಗುತ್ತಿದೆ. ಮಗಳದು ಇನ್ನೊಂದು ವರುಷದ ಓದು ಉಳಿದಿದೆ.