ಒಂದು ಪೊಟ್ಟಣ, ಒಂದು ಲೀಟರ್ ನೀರು

ಭೇದಿಯಿಂದ ಸೊರಗಿದ ಮಗು ನೀರಿಗೆ ಕೈಚಾಚಿದರೆ ಮನೆಯಲ್ಲಿ ಯಾರಾದರೊಬ್ಬರು ಲೋಟವನ್ನು ಪಕ್ಕಕ್ಕಿಡುತ್ತಾರೆ. ‘ಕುಡಿಸಿದ್ದೆಲ್ಲ ಹಾಗೇ ಹೋಗ್ತಾ ಇದೆ, ಸ್ವಲ್ಪ ಹೊತ್ತು ಹೊಟ್ಟೆ ಖಾಲಿ ಇರಲಿ’ ಎಂಬ ಮಾತು ಅಜ್ಜಿಯದಿರಬಹುದು, ಪಕ್ಕದ ಮನೆಯವರದಿರಬಹುದು. ಕೇಳುವುದಕ್ಕೇನೋ ಸರಿಯೆನಿಸುತ್ತದೆ. ಆದರೆ ವಾಂತಿ-ಭೇದಿಯಲ್ಲಿ ಮಗುವಿನ ಜೀವಕ್ಕೆ ಕುತ್ತು ಬರುವುದು ಬಹುಪಾಲು ಮೈಯಿಂದ ನೀರು, ಉಪ್ಪು ಸೋರಿಹೋಗುವುದರಿಂದ. ಹೋದದ್ದನ್ನು ತುಂಬಿಕೊಡಬೇಕಾದ ಹೊತ್ತಿನಲ್ಲೇ ಮನೆಯವರು ಕೈ ಹಿಂದೆಗೆಯುತ್ತಾರೆ.

10 ಕೆ.ಜಿ. ತೂಗುವ ಮಗು ಒಂದು ಲೀಟರ್ ನೀರು ಕಳೆದುಕೊಂಡರೆ ತೂಕದ ಹತ್ತನೇ ಒಂದು ಭಾಗವೇ ಹೋದಂತೆ. ವೈದ್ಯರ ಲೆಕ್ಕದಲ್ಲಿ ಅದು ತೀವ್ರ ನಿರ್ಜಲೀಕರಣ. ಪದೇಪದೇ ಭೇದಿಯಾಗುವ ಕೂಸಿನಲ್ಲಿ ಆ ಮಟ್ಟ ತಲುಪಲು ಒಂದು ಹಗಲು ಸಾಕಾಗಬಹುದು. ಬಾಯಿ ಒಣಗುತ್ತದೆ, ಕಣ್ಣು ಗುಳಿಬೀಳುತ್ತದೆ, ಅತ್ತರೂ ಕಣ್ಣೀರು ಬರುವುದಿಲ್ಲ. ಹಸುಗೂಸಾದರೆ ನೆತ್ತಿ ಒಳಕ್ಕೆ ಕುಸಿದಂತೆ ಕಾಣುತ್ತದೆ. ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರೆ ಅದು ತಕ್ಷಣ ಮೊದಲಿನಂತಾಗದೆ ನಿಧಾನಕ್ಕೆ ಇಳಿಯುತ್ತದೆ.

ಇದಕ್ಕೆ ಮದ್ದು ಅಂಗಡಿಯಲ್ಲೇ ಸಿಗುವ ಓಆರ್‌ಎಸ್, ಅಂದರೆ ನೀರಿನಲ್ಲಿ ಕದಡಿ ಕುಡಿಸುವ ಉಪ್ಪು-ಗ್ಲೂಕೋಸಿನ ಪುಡಿ. ಆಶಾ ಕಾರ್ಯಕರ್ತೆಯರು ಮನೆಗೇ ತಂದುಕೊಡುವುದೂ ಉಂಟು. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಭೇದಿಯಾದ ನೂರು ಮಕ್ಕಳಲ್ಲಿ ಇದು ಸಿಕ್ಕಿದ್ದು ಸುಮಾರು 61 ಮಕ್ಕಳಿಗೆ. ಬಿಳಿ ಪುಡಿಯೊಂದು ಜೀವ ಉಳಿಸುತ್ತದೆಂದರೆ ನಂಬಿಕೆ ಬರುವುದು ಕಷ್ಟ. ಐವತ್ತು ವರ್ಷಗಳ ಹಿಂದೆ ವೈದ್ಯಲೋಕಕ್ಕೂ ಆ ನಂಬಿಕೆ ಇರಲಿಲ್ಲ.

1971ರಲ್ಲಿ ಬಾಂಗ್ಲಾದೇಶದ ವಿಮೋಚನಾ ಯುದ್ಧಕ್ಕೆ ಬೆದರಿ ಲಕ್ಷಾಂತರ ಜನ ಗಡಿ ದಾಟಿ ಬಂಗಾಳಕ್ಕೆ ಬಂದರು. ಶಿಬಿರಗಳಲ್ಲಿ ಕಾಲರಾ ಹಬ್ಬಿತು. ಗಡಿಯ ಬನಗಾಂವ್ ಆಸ್ಪತ್ರೆಯಲ್ಲಿ ಹಾಸಿಗೆ ಸಾಲದೆ ರೋಗಿಗಳು ನೆಲದ ಮೇಲೆಯೇ ಮಲಗಿದ್ದರು. ರಕ್ತನಾಳಕ್ಕೆ ಏರಿಸುವ ಸಲೈನ್ ಬಾಟಲಿಗಳು ಮುಗಿಯುತ್ತ ಬಂದವು. ಅಲ್ಲಿದ್ದ ಮಕ್ಕಳ ತಜ್ಞ ಡಾ. ದಿಲೀಪ್ ಮಹಾಲನಬೀಸ್ ಕೋಲ್ಕತ್ತದಲ್ಲಿ ಗ್ಲೂಕೋಸ್, ಅಡುಗೆ ಉಪ್ಪು, ಅಡುಗೆ ಸೋಡಾ ಅಳೆದು ಪೊಟ್ಟಣ ಕಟ್ಟಿಸಿದರು. ಅದನ್ನು ನೀರಿನಲ್ಲಿ ಕದಡಿ ಡ್ರಮ್ಮುಗಳಲ್ಲಿ ತುಂಬಿಟ್ಟು, ಕುಡಿಸುವ ಕೆಲಸವನ್ನು ರೋಗಿಗಳ ಮನೆಮಂದಿಗೇ ವಹಿಸಿದರು. ಶಿಬಿರಗಳಲ್ಲಿ ನೂರಕ್ಕೆ ಸುಮಾರು 30ರಷ್ಟಿದ್ದ ಸಾವು, ಈ ಚಿಕಿತ್ಸೆ ಪಡೆದವರಲ್ಲಿ 4ಕ್ಕಿಂತ ಕೆಳಗಿಳಿಯಿತು. ಮುಂದೆ 1978ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ಇದನ್ನು ಶತಮಾನದ ಅತಿ ಮುಖ್ಯ ವೈದ್ಯಕೀಯ ಸಾಧನೆಯಾಗಬಲ್ಲದ್ದು ಎಂದು ಗುರುತಿಸಿತು. ಮಹಾಲನಬೀಸ್ 2022ರಲ್ಲಿ ತೀರಿಕೊಂಡರು. ಮರುವರ್ಷ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು.

ಬರೀ ನೀರು ಮಾಡಲಾರದ್ದನ್ನು ಈ ಪುಡಿ ಹೇಗೆ ಮಾಡುತ್ತದೆ? ಸಣ್ಣಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೋಡಿಯಾಗಿ ಬಂದರೆ ಮಾತ್ರ ತೆರೆಯುವ ಬಾಗಿಲುಗಳಿವೆ. ಇವೆರಡೂ ಒಳಹೊಕ್ಕಾಗ ನೀರು ಬೆನ್ನುಹತ್ತಿ ಹೋಗುತ್ತದೆ. ಭೇದಿಯಿಂದ ಕರುಳು ಎಷ್ಟೇ ಕೆಟ್ಟಿದ್ದರೂ ಈ ವ್ಯವಸ್ಥೆ ಬಹುಮಟ್ಟಿಗೆ ಕೆಲಸ ಮಾಡುತ್ತಲೇ ಇರುತ್ತದೆ. ಹಾಗಾಗಿ ಓಆರ್‌ಎಸ್‌ನ ಶಕ್ತಿಯೆಲ್ಲ ಅಳತೆಯಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಸೂತ್ರದಂತೆ ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್ ಇರಬೇಕು.

ಮನೆಗಳಲ್ಲಿ ಎಡವಟ್ಟಾಗುವುದು ಇಲ್ಲಿಯೇ. ಲೀಟರ್ ನೀರಿಗೆಂದು ಮಾಡಿದ ಪೊಟ್ಟಣದಿಂದ ಒಂದೊಂದೇ ಚಮಚ ಪುಡಿ ತೆಗೆದು ಲೋಟಕ್ಕೆ ಹಾಕುವವರಿದ್ದಾರೆ. ಪುಡಿ ಹೆಚ್ಚಾದರೆ ಮಗುವಿನ ರಕ್ತದಲ್ಲಿ ಉಪ್ಪಿನಂಶ ಏರುತ್ತದೆ, ಕಮ್ಮಿಯಾದರೆ ಪ್ರಯೋಜನವಿಲ್ಲ. ದೊಡ್ಡ ಪೊಟ್ಟಣವನ್ನು ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಪೂರ್ತಿ ಸುರಿಯಬೇಕು. ಅಂಗಡಿಯಲ್ಲಿ 200 ಮಿ.ಲೀ. ನೀರಿಗೆ ಸಾಲುವ ಸಣ್ಣ ಪೊಟ್ಟಣವೂ ಸಿಗುವುದರಿಂದ, ಹರಿಯುವ ಮೊದಲು ಮೇಲೆ ಬರೆದದ್ದನ್ನು ಓದಿಕೊಳ್ಳಬೇಕು. ಸಕ್ಕರೆ, ಹಾಲು, ಜ್ಯೂಸ್ ಯಾವುದನ್ನೂ ಬೆರೆಸಬಾರದು. ಕಲಸಿದ್ದು 24 ಗಂಟೆ ದಾಟಿದರೆ ಚೆಲ್ಲಿ ಹೊಸದು ಮಾಡಬೇಕು.

ಪ್ರತಿ ಸಲ ಭೇದಿಯಾದ ಮೇಲೆ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿ.ಲೀ. ಕೊಡುವುದು ವಾಡಿಕೆ. ಲೋಟ ಬಾಯಿಗಿಟ್ಟು ಗಟಗಟನೆ ಕುಡಿಸಿದರೆ ವಾಂತಿಯಾಗುತ್ತದೆ. ಆಗ ‘ಓಆರ್‌ಎಸ್ ಇವನಿಗೆ ಆಗಿಬರಲ್ಲ’ ಎಂಬ ತೀರ್ಮಾನಕ್ಕೆ ಬರುವುದೂ ಉಂಟು. ಹತ್ತು ನಿಮಿಷ ತಡೆದು, ಎರಡು-ಮೂರು ನಿಮಿಷಕ್ಕೊಂದು ಚಮಚದಂತೆ ಮತ್ತೆ ಶುರುಮಾಡಿದರೆ ಬಹುತೇಕ ಮಕ್ಕಳು ಉಳಿಸಿಕೊಳ್ಳುತ್ತಾರೆ. ತಾಯಂದಿರ ಇನ್ನೊಂದು ದೂರು, ‘ಕುಡಿಸಿದರೂ ಭೇದಿ ನಿಲ್ಲಲಿಲ್ಲ’ ಎಂಬುದು. ಓಆರ್‌ಎಸ್ ಭೇದಿಯನ್ನು ತಡಕ್ಕನೆ ನಿಲ್ಲಿಸುವ ಮದ್ದಲ್ಲ. ಸೋಂಕು ತಾನಾಗಿ ಇಳಿಯುವವರೆಗೆ ಮಗು ಬಾಡದಂತೆ ನೋಡಿಕೊಳ್ಳುವುದಷ್ಟೇ ಅದರ ಕೆಲಸ.

ಅಳತೆಯ ವಿಷಯ ಹೀಗಿರುವಾಗ, ಔಷಧದಂಗಡಿಯ ಕಪಾಟಿನಲ್ಲಿ ಬಣ್ಣದ ಡಬ್ಬಿಗಳ ಮೇಲೆ ‘ಓಆರ್‌ಎಸ್’ ಎಂದು ಅಚ್ಚಾದ ಹಣ್ಣಿನ ರುಚಿಯ ಪಾನೀಯಗಳು ವರ್ಷಗಟ್ಟಲೆ ಮಾರಾಟವಾದವು. ಎಷ್ಟೋ ಡಬ್ಬಿಗಳಲ್ಲಿ ಸಕ್ಕರೆ ಸೂತ್ರಕ್ಕಿಂತ ಹಲವು ಪಟ್ಟು ಜಾಸ್ತಿ. ಅಷ್ಟು ಸಕ್ಕರೆ ಕರುಳಿಗೆ ಸೇರಿದರೆ ನೀರು ಮೈಯೊಳಗೆ ಹೋಗುವ ಬದಲು ಕರುಳಿಗೇ ಇಳಿದು ಭೇದಿ ಜೋರಾಗುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಇದರ ವಿರುದ್ಧ ಹಲವು ವರ್ಷ ಹೋರಾಡಿದರು. ಕೊನೆಗೆ 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಇಂಥ ಪಾನೀಯಗಳ ಹೆಸರಿನಲ್ಲಿ ‘ಓಆರ್‌ಎಸ್’ ಬಳಸಕೂಡದೆಂದು ಆದೇಶಿಸಿತು. ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರವೆಂದು ಬರೆದಿದೆಯೇ ಎಂದು ನೋಡಿದರೆ ಗೊಂದಲ ತಪ್ಪುತ್ತದೆ. ತಂಪು ಪಾನೀಯ, ಪ್ಯಾಕೆಟ್ ಜ್ಯೂಸ್‌ಗಳೂ ಭೇದಿಯಾದ ಮಗುವಿಗೆ ಬೇಡ.

ಊಟ ನಿಲ್ಲಿಸುವ ಅಗತ್ಯವಿಲ್ಲ. ಎದೆಹಾಲು ಕುಡಿಯುವ ಕೂಸಿಗೆ ಎಂದಿಗಿಂತ ಹೆಚ್ಚು ಸಲ ಹಾಲೂಡಬೇಕು. ದೊಡ್ಡ ಮಕ್ಕಳಿಗೆ ಅನ್ನದ ಗಂಜಿ, ಮೊಸರನ್ನ, ಬೇಳೆಕಟ್ಟು ಬೆರೆಸಿದ ಮೆತ್ತನೆಯ ಅನ್ನ, ಬಾಳೆಹಣ್ಣು ಸ್ವಲ್ಪಸ್ವಲ್ಪವಾಗಿ ಕೊಡಬಹುದು. ಜತೆಗೆ ಸತುವಿನ ಮಾತ್ರೆ, ಅಂದರೆ ಜಿಂಕ್: ಎರಡರಿಂದ ಆರು ತಿಂಗಳ ಮಗುವಿಗೆ ದಿನಕ್ಕೆ 10 ಮಿಲಿಗ್ರಾಂ, ಆರು ತಿಂಗಳು ದಾಟಿದವರಿಗೆ 20 ಮಿಲಿಗ್ರಾಂ. ಭೇದಿ ಮೂರನೇ ದಿನಕ್ಕೆ ನಿಂತರೂ 14 ದಿನ ಪೂರ್ತಿ ಕೊಡಬೇಕು. ಮುಂದಿನ ಕೆಲವು ತಿಂಗಳು ಮತ್ತೆ ಭೇದಿಯಾಗುವ ಸಂಭವವನ್ನು ಅದು ತಗ್ಗಿಸುತ್ತದೆ. ದೊಡ್ಡವರು ನುಂಗುವ ‘ಭೇದಿ ಕಟ್ಟುವ’ ಮಾತ್ರೆ ಮಕ್ಕಳಿಗೆ ಅಪಾಯ. ಮಕ್ಕಳ ಭೇದಿಗೆ ಹೆಚ್ಚಾಗಿ ವೈರಸ್ಸೇ ಕಾರಣ. ಅದಕ್ಕೆ ಆ್ಯಂಟಿಬಯೋಟಿಕ್ ನಾಟುವುದಿಲ್ಲ.

ಆ ವೈರಸ್‌ಗಳ ಪೈಕಿ ಕುಖ್ಯಾತವಾದದ್ದು ರೋಟಾ. ಅದರ ವಿರುದ್ಧ ದೇಶೀ ಲಸಿಕೆ ಹುಡುಕಿದ ಕಥೆಯಲ್ಲಿ ಬೆಂಗಳೂರಿನ ಪಾತ್ರವೂ ಇದೆ. ದೆಹಲಿ ಮತ್ತು ಬೆಂಗಳೂರಿನ ಆಸ್ಪತ್ರೆಗಳ ನವಜಾತ ಶಿಶುಗಳಲ್ಲಿ, ಸೋಂಕಿದ್ದೂ ಕಾಯಿಲೆ ತರದ ರೋಟಾ ತಳಿಗಳು ಪತ್ತೆಯಾದವು. ಎರಡನ್ನೂ ಪರೀಕ್ಷಿಸಿ, ದೆಹಲಿಯ ತಳಿಯಿಂದ ‘ರೋಟಾವ್ಯಾಕ್’ ಸಿದ್ಧವಾಯಿತು. 2016ರಲ್ಲಿ ನಾಲ್ಕು ರಾಜ್ಯಗಳಲ್ಲಿ ಶುರುವಾದ ರೋಟಾ ಲಸಿಕೆ ಈಗ ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ ದೇಶದೆಲ್ಲೆಡೆ ಉಚಿತ. 6, 10 ಮತ್ತು 14ನೇ ವಾರದಲ್ಲಿ ಬಾಯಿಗೆ ಹಾಕುತ್ತಾರೆ.

ಮನೆಯ ಆರೈಕೆಗೆ ಮಿತಿಯಿದೆ. ಮಲದಲ್ಲಿ ರಕ್ತ, ಏನು ಕೊಟ್ಟರೂ ವಾಂತಿ, ಆರು ಗಂಟೆಯಾದರೂ ಮೂತ್ರವಿಲ್ಲದಿರುವುದು, ಜೋರು ಜ್ವರ, ಕರೆದರೂ ಕಣ್ಣು ತೆರೆಯದಷ್ಟು ಮಂಪರು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಎರಡು ತಿಂಗಳೊಳಗಿನ ಕೂಸಾದರೆ ಇಷ್ಟಕ್ಕೆಲ್ಲ ಕಾಯಲೇಬಾರದು. ಕೊನೆಯ ಸಲ ಮೂತ್ರ ಮಾಡಿದ್ದು ಯಾವಾಗ, ಎಷ್ಟು ಸಲ ಭೇದಿಯಾಗಿದೆ ಎಂಬುದು ನೆನಪಿದ್ದರೆ ವೈದ್ಯರ ಕೆಲಸ ಹಗುರ. ಮಗು ಎಚ್ಚರವಿದ್ದು ನುಂಗುತ್ತಿದ್ದರೆ, ಆಸ್ಪತ್ರೆಯ ದಾರಿಯಲ್ಲೂ ಚಮಚ ಚಮಚವಾಗಿ ಓಆರ್‌ಎಸ್ ಕುಡಿಸುತ್ತಲೇ ಹೋಗಬೇಕು.